ಕರುವಾರು, ಫೆಬ್ರವರಿ 1996: ಡಯಾಲಿಸಿಸ್ ನೀರಿನೊಳಗೆ ಬಂದ ಲಿವರ್ ವಿಷ

1996ರ ಫೆಬ್ರವರಿ 17, ಶನಿವಾರ. ಬ್ರೆಜಿಲ್ ತುಂಬಾ ಕಾರ್ನಿವಲ್ ಗದ್ದಲ. ದೇಶದ ಈಶಾನ್ಯಕ್ಕಿರುವ ಪೆರ್ನಂಬುಕೊ ರಾಜ್ಯದ ಕರುವಾರು ಊರಿನ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಮಾತ್ರ ಎಂದಿನ ಹಾಗೆ ಪಾಳಿ ನಡೆಯುತ್ತಿತ್ತು. ಕಿಡ್ನಿ ಕೈಕೊಟ್ಟವರಿಗೆ ಹಬ್ಬದ ರಜೆ ಇರುವುದಿಲ್ಲ. ವಾರಕ್ಕೆ ಮೂರು ಸಲ ಮಷಿನ್ ಪಕ್ಕ ಮಲಗಲೇಬೇಕು.

(ಹೆಸರು ಕೇಳಿದರೆ ನಮ್ಮ ಕಾರವಾರ ನೆನಪಾಗುತ್ತದೆ. ಆದರೆ ಇಲ್ಲಿ ಕಡಲಿಲ್ಲ. ಕರಾವಳಿಯ ರೆಸಿಫೆಯಿಂದ ಸುಮಾರು 130 ಕಿಲೋಮೀಟರ್ ಒಳಗಿರುವ, ಮಳೆ ಕಡಿಮೆ ಬೀಳುವ ಬಯಲು ಊರು. ಸಂತೆಗೂ ಮಣ್ಣಿನ ಗೊಂಬೆಗಳಿಗೂ ಹೆಸರುವಾಸಿ.)

ಅವತ್ತು ಡಯಾಲಿಸಿಸ್‌ಗೆ ಬಂದವರಿಗೆ ಕಣ್ಣು ಮಂಜಾಯಿತು. ತಲೆನೋವು, ಹೊಟ್ಟೆ ತೊಳಸು, ವಾಂತಿ. ಒಬ್ಬಿಬ್ಬರಿಗಾದರೆ ಬಿಪಿ ಇಳಿದಿರಬಹುದು ಎಂದುಕೊಳ್ಳಬಹುದಿತ್ತು. ಡಯಾಲಿಸಿಸ್‌ನಲ್ಲಿ ಅದು ಮಾಮೂಲು. ಆದರೆ 17ರಿಂದ 20ರ ಒಳಗೆ, ಅಂದರೆ ಕಾರ್ನಿವಲ್ ಮುಗಿಯುವಷ್ಟರಲ್ಲಿ, ಕೇಂದ್ರದ 130 ರೋಗಿಗಳಲ್ಲಿ 116 ಮಂದಿಗೆ ಹೀಗಾಗಿತ್ತು. ಕೆಲವರಿಗೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಕೆಲವರಿಗೆ ಕಿವುಡು, ಇನ್ನು ಕೆಲವರಿಗೆ ಫಿಟ್ಸ್. ಕಣ್ಣೇ ಕಾಣದಂತಾದವರೂ ಇದ್ದರು.

ಆಮೇಲೆ ಲಿವರ್ ಊದಿಕೊಂಡಿತು. ಮುಟ್ಟಿದರೆ ನೋವು. ರಕ್ತದಲ್ಲಿ ಬಿಲಿರುಬಿನ್, ಅಂದರೆ ಕಾಮಾಲೆ ತರುವ ಹಳದಿ ವಸ್ತು, ವಿಪರೀತ ಏರಿತು. ಮಾರ್ಚ್ 24ರ ಹೊತ್ತಿಗೆ 26 ಜನ ಲಿವರ್ ಸೋತು ತೀರಿಕೊಂಡಿದ್ದರು. ಕಿಡ್ನಿ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದವರು ಲಿವರ್ ಕಾಯಿಲೆಯಿಂದ ಸಾಯುತ್ತಿದ್ದರು. ಗುಂಪಾಗಿ, ಒಂದೇ ಕೇಂದ್ರದಲ್ಲಿ.

ಮೊದಲ ಅನುಮಾನಗಳು

ಡಯಾಲಿಸಿಸ್ ಕೋಣೆಯಲ್ಲಿ ಒಟ್ಟೊಟ್ಟಿಗೆ ತುಂಬಾ ಜನರಿಗೆ ತೊಂದರೆಯಾದರೆ ಅನುಭವಿಗಳ ಕಣ್ಣು ಮೊದಲು ಹೋಗುವುದು ನೀರಿನ ಕಡೆಗೆ. ಕಾರಣ ಸರಳ. ರೋಗಿಗಳೆಲ್ಲರಿಗೂ ಒಂದೇ ಹೊತ್ತಿಗೆ ತಲುಪುವ ವಸ್ತು ಅದೊಂದೇ. ನೀರಿನಿಂದ ಆಗುವ ಅನಾಹುತಗಳಿಗೂ ಒಂದೊಂದು ಗುರುತು ಇರುತ್ತದೆ.

ನಲ್ಲಿ ನೀರಿಗೆ ಹಾಕಿದ ಕ್ಲೋರಮೈನ್ ಉಳಿದಿದ್ದರೆ ಕೆಂಪು ರಕ್ತಕಣ ಒಡೆಯುತ್ತವೆ. ತಾಮ್ರ ಸೇರಿದ್ದರೂ ಅದೇ ಕಥೆ. ಬ್ಯಾಕ್ಟೀರಿಯಾದ ಚೂರುಗಳು ಸೇರಿದ್ದರೆ ಚಳಿ ಜ್ವರ ಬರುತ್ತದೆ. ಅಲ್ಯೂಮಿನಿಯಂ ಇದ್ದರೆ ತಿಂಗಳುಗಟ್ಟಲೆ ಮೆದುಳಿನಲ್ಲೂ ಮೂಳೆಯಲ್ಲೂ ಕೂರುತ್ತದೆ. ಮಾತು ತೊದಲಿ, ನೆನಪು ಹೋಗಿ, ಮೂಳೆ ಮುರಿಯುವ ಆ ಕಾಯಿಲೆ 1970ರ ದಶಕದಲ್ಲಿ ಡಯಾಲಿಸಿಸ್ ವೈದ್ಯರ ನಿದ್ದೆ ಕೆಡಿಸಿತ್ತು.

ಕರುವಾರು ಇದ್ಯಾವುದಕ್ಕೂ ಸರಿ ಹೊಂದಲಿಲ್ಲ. ರಕ್ತಕಣ ಒಡೆದ ಗುರುತೇ ಇರಲಿಲ್ಲ. ವೈರಸ್ ಹೆಪಟೈಟಿಸ್ ಅನ್ನೋಣವೇ? ಅದು ನಾಲ್ಕು ದಿನದಲ್ಲಿ ನೂರು ಜನರನ್ನು ಒಟ್ಟಿಗೆ ಹಿಡಿಯುವುದಿಲ್ಲ. ಲಿವರ್ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಂಡಿದ್ದು ಹೊಸ ಬಗೆಯ ಹಾನಿ. ಜೀವಕೋಶಗಳು ಒಂದು ಮೂಲೆಯಲ್ಲಲ್ಲ, ಇಡೀ ಲಿವರ್ ಉದ್ದಕ್ಕೂ ಸತ್ತಿದ್ದವು. ಪಿತ್ತ ಹರಿಯದೆ ಕಟ್ಟಿಕೊಂಡಿತ್ತು. ಲಿವರ್‌ನಲ್ಲಿ ಸಾಲಾಗಿ ಜೋಡಿಸಿಟ್ಟ ಹಾಗಿರುವ ಕೋಶಗಳು ಸಾಲು ತಪ್ಪಿ ಬಿಡಿಬಿಡಿಯಾಗಿದ್ದವು.

ಈ ಪ್ರಕರಣಕ್ಕೆ ಬೀಗದ ಕೈ ಸಿಕ್ಕಿದ್ದು ಊರಿನ ಎರಡನೇ ಡಯಾಲಿಸಿಸ್ ಕೇಂದ್ರದಿಂದ. ವರದಿಗಳಲ್ಲಿ ಮೊದಲನೆಯದನ್ನು ಎ ಅಂತಲೂ ಇದನ್ನು ಬಿ ಅಂತಲೂ ಕರೆದಿದ್ದಾರೆ. ಬಿ ಕೇಂದ್ರದಲ್ಲಿ 47 ರೋಗಿಗಳು. ಅವರಲ್ಲಿ ಒಬ್ಬರಿಗೂ ಲಿವರ್ ಸೋಲಲಿಲ್ಲ. ಎರಡೂ ಕೇಂದ್ರಗಳಿಗೆ ನೀರು ಬರುತ್ತಿದ್ದುದು ಒಂದೇ ಜಲಾಶಯದಿಂದ, ತಬೋಕಾಸ್‌ನಿಂದ. ಹಾಗಾದರೆ ವ್ಯತ್ಯಾಸ ಎಲ್ಲಿ?

ಬಿ ಕೇಂದ್ರಕ್ಕೆ ಬರುತ್ತಿದ್ದ ನೀರನ್ನು ಪೂರ್ತಿ ಶುದ್ಧ ಮಾಡಿ, ಸೋಸಿ, ಕ್ಲೋರಿನ್ ಹಾಕಿ ಕಳಿಸುತ್ತಿದ್ದರು. ಎ ಕೇಂದ್ರಕ್ಕೆ ನೀರು ಬರುತ್ತಿದ್ದುದು ಟ್ಯಾಂಕರ್ ಲಾರಿಯಲ್ಲಿ. ಬರಗಾಲ, ಪೈಪಿನಲ್ಲಿ ಸಾಕಷ್ಟು ನೀರಿಲ್ಲ. ಆ ನೀರನ್ನು ಸೋಸಿರಲಿಲ್ಲ, ಕ್ಲೋರಿನ್ ಕೂಡ ಹಾಕಿರಲಿಲ್ಲ. ಮಿಕ್ಕ ಕೆಲಸವನ್ನು ಕೇಂದ್ರದೊಳಗಿನ ಉಪಕರಣಗಳೇ ಮಾಡಲಿ ಎಂಬಂತೆ ನೀರು ಬಂದು ಬೀಳುತ್ತಿತ್ತು.

ಜಲಾಶಯದಲ್ಲಿ ನೀರು ತಗ್ಗಿ, ಬಿಸಿಲಿಗೆ ಕಾದು, ನೀಲಿ-ಹಸಿರು ಪಾಚಿ ದಟ್ಟವಾಗಿ ಬೆಳೆದಿತ್ತು.

ಪಾಚಿ ಅಲ್ಲದ ಪಾಚಿ

ನಾವು ಪಾಚಿ ಅನ್ನುತ್ತೇವೆ, ಅಷ್ಟೆ. ಇವು ನಿಜಕ್ಕೂ ಬ್ಯಾಕ್ಟೀರಿಯಾ. ಸಯನೋಬ್ಯಾಕ್ಟೀರಿಯಾ ಎಂದು ಹೆಸರು. ಗಿಡದ ಹಾಗೆ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತವೆ. ನಿಂತ ನೀರು, ಸೆಕೆ, ಗೊಬ್ಬರ ಅಥವಾ ಚರಂಡಿಯಿಂದ ಬಂದ ರಂಜಕ ಮತ್ತು ಸಾರಜನಕ ಸಿಕ್ಕರೆ ಕೆಲವೇ ದಿನಗಳಲ್ಲಿ ಕೆರೆ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಹರಡುತ್ತವೆ. ಇವುಗಳಲ್ಲಿ ಮೈಕ್ರೋಸಿಸ್ಟಿಸ್ ಮತ್ತು ಇನ್ನೂ ಕೆಲವು ಜಾತಿಗಳು ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ತಯಾರಿಸುತ್ತವೆ.

ನನಗೆ ಇಡೀ ಪ್ರಕರಣದಲ್ಲಿ ಜಾಸ್ತಿ ಕುತೂಹಲ ಇರುವುದು ಈ ಅಣುವಿನ ಬಗ್ಗೆ. ಅದನ್ನು ಅರ್ಥ ಮಾಡಿಕೊಂಡರೆ ಕೇಂದ್ರದ ಶೋಧಕಗಳು ಏಕೆ ಸೋತವು ಎಂಬುದೂ ಬಿಡಿಸಿಕೊಳ್ಳುತ್ತದೆ.

ಏಳು ಅಮೈನೋ ಆಮ್ಲಗಳನ್ನು ಕೈಕೈ ಹಿಡಿಸಿ ಉಂಗುರ ಮಾಡಿದರೆ ಮೈಕ್ರೋಸಿಸ್ಟಿನ್. ಸಾಮಾನ್ಯ ಪ್ರೋಟೀನ್ ಉದ್ದನೆಯ ಸರಪಳಿ. ನಮ್ಮ ಜೀರ್ಣರಸಗಳು ಅದನ್ನು ಕತ್ತರಿಸಿ ಹಾಕುತ್ತವೆ. ಈ ಉಂಗುರದ ಮೇಲೆ ಆ ಕತ್ತರಿಗಳು ನಡೆಯುವುದಿಲ್ಲ. ಕುದಿಸಿದರೂ ಬಿಡುವುದಿಲ್ಲ. ಅಣು ಒಡೆಯುವುದೂ ಇಲ್ಲ, ಆವಿಯಾಗಿ ಹೋಗುವುದೂ ಇಲ್ಲ. ಕುದಿಸುತ್ತಾ ಹೋದರೆ ನೀರು ಕಡಿಮೆಯಾಗಿ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ.

ಉಂಗುರದಿಂದ ಒಂದು ಬಾಲ ಹೊರಚಾಚಿಕೊಂಡಿದೆ. ಆಡ್ಡಾ ಎಂದು ಕರೆಯುವ ಒಂದು ವಿಚಿತ್ರ ಅಮೈನೋ ಆಮ್ಲ ಅದು. ಇಂಗಾಲದ ಉದ್ದ ಸರಪಳಿ, ತುದಿಯಲ್ಲಿ ಒಂದು ಬೆಂಜೀನ್ ಉಂಗುರ. ಈ ಬಾಲಕ್ಕೆ ಎಣ್ಣೆಯ ಗುಣ, ನೀರು ಕಂಡರೆ ಆಗದು. ಆದರೆ ಉಂಗುರದ ಮೇಲೆ ವಿದ್ಯುದಾವೇಶ ಇರುವ ಗುಂಪುಗಳಿವೆ. ಎರಡು ಕಾರ್ಬಾಕ್ಸಿಲ್ ಗುಂಪು, ಕೆಲವು ಬಗೆಗಳಲ್ಲಿ ಅರ್ಜಿನೈನ್ ಎಂಬ ಅಮೈನೋ ಆಮ್ಲ ಕೂಡ. ಅವುಗಳಿಗೆ ನೀರೆಂದರೆ ಪ್ರಾಣ. ಒಂದು ಕಡೆ ಸೋಪಿನ ಹಾಗೆ ಎಣ್ಣೆ ಬಾಲ, ಇನ್ನೊಂದು ಕಡೆ ನೀರಿನ ತಲೆ. ಒಟ್ಟಾರೆ ಅಣು ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಕರಗಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ.

ಇದರ ತೂಕ ಸುಮಾರು 995 ಡಾಲ್ಟನ್ (ಅಣುಗಳ ತೂಕ ಹೇಳುವ ಮಾನ). ಡಯಾಲಿಸಿಸ್ ಪೊರೆಯ ಸಾಮರ್ಥ್ಯ ಅಳೆಯಲು ತಜ್ಞರು ಹಿಂದಿನಿಂದ ಬಳಸುವ ಬಿ12 ವಿಟಮಿನ್ ಇದಕ್ಕಿಂತ ದೊಡ್ಡದು, ಸುಮಾರು 1355. ಅದೇ ಪೊರೆ ದಾಟುತ್ತದೆ ಅಂದಮೇಲೆ ಇದಕ್ಕೇನು ಅಡ್ಡಿ?

120 ಲೀಟರ್

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಡಯಾಲಿಸಿಸ್ ಮಷಿನ್‌ನಲ್ಲಿ ಪೊರೆಯ ಒಂದು ಬದಿ ರೋಗಿಯ ರಕ್ತ, ಇನ್ನೊಂದು ಬದಿ ಲವಣ ಬೆರೆಸಿದ ನೀರು. ನೀರು ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರ್ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ವಾರಕ್ಕೆ ಮೂರು ಸಲ ಅಂದರೆ 360 ಲೀಟರ್. ಆರೋಗ್ಯವಾಗಿರುವವರು ದಿನಕ್ಕೆ ಎರಡು ಲೀಟರ್ ಕುಡಿದರೆ ವಾರಕ್ಕೆ 14 ಲೀಟರ್.

ಪ್ರಮಾಣ ಒಂದೇ ಅಲ್ಲ, ದಾರಿಯೂ ಬೇರೆ. ಕುಡಿದ ನೀರು ಕರುಳಿನ ಗೋಡೆ ದಾಟಬೇಕು. ಆ ಗೋಡೆ ಒಳ್ಳೆ ಕಾವಲುಗಾರ. ಇಲಿಗಳ ಮೇಲಿನ ಪ್ರಯೋಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಈ ವಿಷದ ಒಂದು ಬಗೆಯಾದ ಮೈಕ್ರೋಸಿಸ್ಟಿನ್-ಎಲ್‌ಆರ್ ಅನ್ನು ಹೊಟ್ಟೆಯ ಪೊರೆಯೊಳಗೆ ಚುಚ್ಚಿದರೆ, ಅರ್ಧದಷ್ಟು ಇಲಿಗಳನ್ನು ಕೊಲ್ಲಲು ದೇಹತೂಕದ ಕಿಲೋಗೆ ಸುಮಾರು 50 ಮೈಕ್ರೋಗ್ರಾಂ ಸಾಕು. ಬಾಯಿಯ ಮೂಲಕ ಕೊಟ್ಟರೆ ಸುಮಾರು 5000 ಬೇಕು. ನೂರು ಪಟ್ಟು ವ್ಯತ್ಯಾಸ, ಎಲ್ಲಾ ಕರುಳಿನ ಕೃಪೆ. ಡಯಾಲಿಸಿಸ್ ರೋಗಿಗೆ ಆ ಕಾವಲುಗಾರನೇ ಇಲ್ಲ. ನೀರಿಗೂ ರಕ್ತಕ್ಕೂ ನಡುವೆ ಇರುವುದು ತೆಳುವಾದ ಪೊರೆ, ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ.

ಸತ್ತವರ ಲಿವರ್ ಮತ್ತು ರಕ್ತದಲ್ಲಿ ಸಿಕ್ಕ ವಿಷದಿಂದ ಹಿಂದಕ್ಕೆ ಲೆಕ್ಕ ಹಾಕಿದ ವಿಜ್ಞಾನಿಗಳು, ಡಯಾಲಿಸಿಸ್ ನೀರಿನಲ್ಲಿ ಲೀಟರಿಗೆ 19.5 ಮೈಕ್ರೋಗ್ರಾಂ ಮೈಕ್ರೋಸಿಸ್ಟಿನ್ ಇದ್ದಿರಬಹುದು ಎಂದು ಅಂದಾಜು ಮಾಡಿದರು. ಹಾಗಿದ್ದರೆ ಒಂದು ಪಾಳಿಯಲ್ಲಿ ಪೊರೆಯ ಪಕ್ಕದಲ್ಲಿ ಹರಿದುಹೋದ ವಿಷ 2.3 ಮಿಲಿಗ್ರಾಂಗೂ ಸ್ವಲ್ಪ ಜಾಸ್ತಿ. ಅದೆಲ್ಲ ರಕ್ತಕ್ಕೆ ಸೇರಿತು ಅಂತಲ್ಲ. ಒಂದು ಭಾಗ ಸೇರಿದರೂ ಸಾಕಿತ್ತು.

ರಕ್ತಕ್ಕೆ ಬಂದ ಮೇಲೆ ಅದು ಸುಮ್ನೆ ಎಲ್ಲ ಕಡೆ ಅಲೆಯುವುದಿಲ್ಲ. ಲಿವರ್ ಕೋಶಗಳ ಮೇಲೆ ಪಿತ್ತದ ಆಮ್ಲಗಳನ್ನು ಒಳಗೆಳೆದುಕೊಳ್ಳುವ ಬಾಗಿಲುಗಳಿವೆ. ಮೈಕ್ರೋಸಿಸ್ಟಿನ್ ಆ ಬಾಗಿಲಿನಿಂದಲೇ ನುಗ್ಗುತ್ತದೆ. ಬೇರೆ ಕೋಶಗಳಲ್ಲಿ ಅಂಥ ಬಾಗಿಲು ಅಷ್ಟಾಗಿ ಇಲ್ಲದ ಕಾರಣ ಹೆಚ್ಚಿನ ಹೊಡೆತ ಲಿವರ್‌ಗೇ ಬೀಳುತ್ತದೆ. ಒಳಗೆ ಹೋದ ಮೇಲೆ ಪ್ರೋಟೀನ್ ಫಾಸ್ಫಟೇಸ್ 1 ಮತ್ತು 2ಎ ಎಂಬ ಎರಡು ಕಿಣ್ವಗಳನ್ನು ಹಿಡಿದುಕೊಳ್ಳುತ್ತದೆ. ಎಣ್ಣೆಯ ಬಾಲ ಕಿಣ್ವದ ಒಂದು ಕುಳಿಯಲ್ಲಿ ಸರಿಯಾಗಿ ಕೂರುತ್ತದೆ. ಆಮೇಲೆ ಉಂಗುರದ ಇನ್ನೊಂದು ಭಾಗ ಕಿಣ್ವದಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಜೊತೆ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತದೆ. ಅದು ಬಿಚ್ಚದ ಗಂಟು.

ಈ ಕಿಣ್ವಗಳ ಕೆಲಸ ಪ್ರೋಟೀನ್‌ಗಳ ಮೇಲಿನ ಫಾಸ್ಫೇಟ್ ತೆಗೆಯುವುದು. ತೆಗೆಯುವವರು ನಿಂತರು, ಹಾಕುವವರು ಹಾಕುತ್ತಲೇ ಇದ್ದಾರೆ. ಕೋಶದ ಆಕಾರ ಹಿಡಿದಿಡುವ ಒಳಗಿನ ಹಂದರ ಕುಸಿಯುತ್ತದೆ. ಕೋಶ ಉಂಡೆಯಾಗಿ ಪಕ್ಕದ ಕೋಶದ ಕೈ ಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಂಡ ಆ ಸಾಲು ತಪ್ಪಿದ ಲಿವರ್ ಇದೇ.

ಇದಕ್ಕೆ ಪ್ರತಿವಿಷ ಇರಲಿಲ್ಲ. ಇವತ್ತಿಗೂ ಇಲ್ಲ.

ಶೋಧಕಗಳಿದ್ದವು, ಆದರೆ

ಎ ಕೇಂದ್ರ ನೀರನ್ನು ಹಾಗೇ ಮಷಿನ್‌ಗೆ ಬಿಡುತ್ತಿರಲಿಲ್ಲ, ಅದನ್ನೂ ಹೇಳಬೇಕು. ಮರಳಿನ ಶೋಧಕ ಇತ್ತು. ಇಂಗಾಲದ ಕಂಬ ಇತ್ತು. ಲವಣ ತೆಗೆಯುವ ರಾಳ ಇತ್ತು. ಕೊನೆಗೆ ಸೂಕ್ಷ್ಮ ರಂಧ್ರದ ಶೋಧಕವೂ ಇತ್ತು.

ಪಾಚಿಯ ಕೋಶ ಬದುಕಿರುವಾಗ ವಿಷ ಬಹುಪಾಲು ಅದರ ಒಳಗೇ ಇರುತ್ತದೆ. ಇಡೀ ಕೋಶವನ್ನು ಹಿಡಿದು ಹೊರಹಾಕಿದರೆ ವಿಷವೂ ಹೊರಗೆ. ಕೋಶ ಸತ್ತು ಒಡೆದರೆ ವಿಷ ನೀರಿನಲ್ಲಿ ಕರಗಿಬಿಡುತ್ತದೆ. ಆಮೇಲೆ ಮರಳಿಗೆ ಅದು ಸಿಗದು. ಸೂಕ್ಷ್ಮ ಶೋಧಕದ ರಂಧ್ರ ಬ್ಯಾಕ್ಟೀರಿಯಾ ತಡೆಯುವಷ್ಟು ಸಣ್ಣದು ನಿಜ, ಆದರೆ ಈ ಅಣು ಅದಕ್ಕಿಂತ ನೂರಾರು ಪಟ್ಟು ಸಣ್ಣದು. ಸಾಸಿವೆ ಹಿಡಿಯಲು ಮೀನಿನ ಬಲೆ ಹಾಕಿದ ಹಾಗೆ.

ಉಳಿದಿದ್ದು ಇಂಗಾಲ. ಸಕ್ರಿಯ ಇಂಗಾಲ ಎಣ್ಣೆ ಗುಣದ ಬಾಲವನ್ನು ಚೆನ್ನಾಗಿಯೇ ಹಿಡಿಯುತ್ತದೆ. ತೊಂದರೆ ಏನೆಂದರೆ, ಕೊಳೆತ ಎಲೆ, ಪಾಚಿ ತುಂಬಿದ ನೀರಿನಲ್ಲಿ ಅದೇ ಗುಣದ ಬೇರೆ ಸಾವಯವ ಅಣುಗಳು ರಾಶಿ ರಾಶಿ ಇರುತ್ತವೆ. ಇಂಗಾಲದ ಮೇಲಿನ ಜಾಗಕ್ಕೆ ಅವೂ ಪೈಪೋಟಿ ಮಾಡುತ್ತವೆ. ಬಸ್ಸಿನಲ್ಲಿ ಸೀಟು ತುಂಬಿದರೆ ಆಮೇಲೆ ಬಂದವರು ನಿಂತೇ ಹೋಗಬೇಕು, ಅಲ್ವಾ? ಹಾಗೆ ವಿಷ ಇಂಗಾಲ ದಾಟಿ ಮುಂದೆ ಹೋಗುತ್ತದೆ. ಹೋದರೂ ನೀರಿನ ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ, ಲವಣ ಅಳೆಯುವ ಮೀಟರ್ ಮುಳ್ಳು ಅಲುಗುವುದೂ ಇಲ್ಲ. ಆ ಮೀಟರ್ ನೋಡಿ ನೀರು ಚೆನ್ನಾಗಿದೆ ಅಂದುಕೊಂಡವರನ್ನು ದೂರುವುದು ಸುಲಭ. ಅವತ್ತು ಡಯಾಲಿಸಿಸ್ ನೀರಿನಲ್ಲಿ ಹುಡುಕಬೇಕಾದ ವಿಷಗಳ ಪಟ್ಟಿಯಲ್ಲಿ ಮೈಕ್ರೋಸಿಸ್ಟಿನ್ ಇರಲೇ ಇಲ್ಲ.

ಕ್ಲೋರಿನ್ ವಿಷಯದಲ್ಲಿ ಒಂದು ತಮಾಷೆಯ ಸಿಕ್ಕು ಇದೆ. ನೀರಿನ ಪಿಎಚ್ 8ಕ್ಕಿಂತ ಕಡಿಮೆ ಇದ್ದು, ಸಾಕಷ್ಟು ಕ್ಲೋರಿನ್ ಅರ್ಧ ಗಂಟೆಯಾದರೂ ನೀರಿನ ಜೊತೆ ಇದ್ದರೆ ಮೈಕ್ರೋಸಿಸ್ಟಿನ್ ಒಡೆಯುತ್ತದೆ. ಆಡ್ಡಾ ಬಾಲದಲ್ಲಿರುವ ಜೋಡಿ ಬಂಧಗಳ ಮೇಲೆ ಕ್ಲೋರಿನ್ ಎರಗುತ್ತದೆ. ಬಾಲ ಕೆಟ್ಟರೆ ವಿಷದ ಹಲ್ಲು ಕಿತ್ತ ಹಾಗೆ. ಬಿ ಕೇಂದ್ರದ ನೀರಿಗೆ ಸಿಕ್ಕಿದ್ದು ಸೋಸುವಿಕೆ ಮತ್ತು ಕ್ಲೋರಿನ್, ಎರಡರ ಆಸರೆ. ಆದರೆ ಅದೇ ಕ್ಲೋರಿನ್ ಡಯಾಲಿಸಿಸ್ ಮಷಿನ್ ತಲುಪುವ ಮೊದಲು ಪೂರ್ತಿ ಹೋಗಿರಬೇಕು. ಇಲ್ಲದಿದ್ದರೆ ರಕ್ತಕಣ ಒಡೆಯುತ್ತದೆ. ಅದನ್ನು ತೆಗೆಯುವುದೂ ಇಂಗಾಲದ ಕಂಬವೇ. ಊರಿಗೆ ಬೇಕು, ರೋಗಿಗೆ ಬೇಡ.

ಪಾಚಿ ಕಂಡೊಡನೆ ಮೈಲುತುತ್ತು (ತಾಮ್ರದ ಸಲ್ಫೇಟ್) ಸುರಿಯುವ ಅಭ್ಯಾಸವೂ ಹೀಗೇ ತಿರುಗಿ ಹೊಡೆಯುತ್ತದೆ. ತಾಮ್ರಕ್ಕೆ ಕೋಶಗಳು ಒಟ್ಟಿಗೆ ಸಾಯುತ್ತವೆ, ಒಳಗಿದ್ದದ್ದೆಲ್ಲ ಒಮ್ಮೆಲೇ ನೀರಿಗೆ ಬರುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಅಣೆಕಟ್ಟೆಗೆ ಹೀಗೆ ಮಾಡಿದ ಮೇಲೆ 148 ಜನ, ಹೆಚ್ಚಿನವರು ಮಕ್ಕಳು, ಕಾಯಿಲೆ ಬಿದ್ದರು. ಅಲ್ಲಿನ ವಿಷ ಸಿಲಿಂಡ್ರೋಸ್ಪರ್ಮಾಪ್ಸಿನ್ ಎಂದು ಆಮೇಲೆ ತಿಳಿಯಿತು. ಕರುವಾರು ಕೇಂದ್ರದ ಇಂಗಾಲ ಮತ್ತು ರಾಳವನ್ನು ಮುಂದೆ ಪರೀಕ್ಷಿಸಿದಾಗ ಮೈಕ್ರೋಸಿಸ್ಟಿನ್ ಜೊತೆ ಇದೂ ಸಿಕ್ಕಿತು. ಯಾರಿಗೆ ಯಾವುದರಿಂದ ಎಷ್ಟು ಹಾನಿಯಾಯಿತು ಎಂದು ಬೇರ್ಪಡಿಸುವುದು ಕಷ್ಟ. ರೋಗಿಗಳ ಲಿವರ್‌ನಲ್ಲಿ ಎದ್ದು ಕಂಡಿದ್ದು ಮೈಕ್ರೋಸಿಸ್ಟಿನ್‌ಗಳು: ವೈಆರ್, ಎಲ್‌ಆರ್ ಮತ್ತು ಎಆರ್ ಎಂಬ ಮೂರು ಬಗೆ.

ಈ ಪರೀಕ್ಷೆಗಳಲ್ಲಿ ದೊಡ್ಡ ಕೆಲಸ ಮಾಡಿದವರು ಅಮೆರಿಕದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ವೇಯ್ನ್ ಕಾರ್ಮೈಕಲ್ ಮತ್ತು ರಿಯೊ ಡಿ ಜನೈರೊದ ಸಾಂಡ್ರಾ ಅಜೆವೆಡೊ. ರೋಗಿ ಸತ್ತ ಮೇಲೆ ಲಿವರ್‌ನಿಂದ ಈ ವಿಷವನ್ನು ಹೊರತೆಗೆದು ಅಳೆಯುವುದು ಸಣ್ಣ ಕೆಲಸವಲ್ಲ. ಕಿಣ್ವದ ಜೊತೆ ಗಂಟು ಹಾಕಿಕೊಂಡ ಅಣು, ವಿಷವನ್ನು ಕರಗಿಸಿ ಹೊರತೆಗೆಯಲು ಬಳಸುವ ಮೆಥನಾಲ್‌ಗೆ ಜಗ್ಗುವುದಿಲ್ಲ. ಸಿಗುವುದು ಬಿಡಿಯಾಗಿ ಉಳಿದದ್ದು ಮಾತ್ರ. ಅಳೆದದ್ದಕ್ಕಿಂತ ನಿಜವಾದ ಪ್ರಮಾಣ ಹೆಚ್ಚೇ ಇರುತ್ತದೆ.

ಸಾವಿನ ಲೆಕ್ಕ

ಎಷ್ಟು ಜನ ಸತ್ತರು ಎಂದು ಹುಡುಕಿದರೆ ಬೇರೆ ಬೇರೆ ಸಂಖ್ಯೆ ಸಿಗುತ್ತದೆ. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. 1998ರಲ್ಲಿ ಜೋಕಿಮ್ಸೆನ್ ಮತ್ತು ತಂಡ ಪ್ರಕಟಿಸಿದ ಅಧ್ಯಯನದಲ್ಲಿ 130 ರೋಗಿಗಳು, ಲಿವರ್ ಸೋತವರು 101, ಅವರಲ್ಲಿ ಸತ್ತವರು 50. ಅದೇ ವರ್ಷ ಪೌರಿಯಾ ಮತ್ತು ತಂಡ ಬರೆದದ್ದರಲ್ಲಿ 126 ರೋಗಿಗಳು, 60 ಸಾವು. 2001ರ ವರದಿಯಲ್ಲಿ, 1996ರ ಡಿಸೆಂಬರ್ ಹೊತ್ತಿಗೆ ಸತ್ತವರು 76, ಅದರಲ್ಲಿ ಖಚಿತವಾಗಿ ಈ ವಿಷದಿಂದ ಎಂದು ಹೇಳಬಹುದಾದದ್ದು 52. ಎಣಿಸಿದ ದಿನ ಬೇರೆ, ಯಾರನ್ನು ಎಣಿಸಬೇಕು ಎಂಬ ನಿಯಮ ಬೇರೆ. ಡಯಾಲಿಸಿಸ್ ರೋಗಿಗಳು ಬೇರೆ ಕಾರಣಕ್ಕೂ ಸಾಯುತ್ತಾರೆ.

ಸತ್ತವರ ವಯಸ್ಸಿನ ಮಧ್ಯಬಿಂದು 47, ಉಳಿದವರದು 35. ನನ್ನನ್ನು ತುಂಬಾ ಕಾಡುವ ಅಂಕಿ ಇನ್ನೊಂದಿದೆ. ಮಂಗಳವಾರ, ಗುರುವಾರ, ಶನಿವಾರ ರಾತ್ರಿ ಪಾಳಿಗೆ ಬರುತ್ತಿದ್ದವರು 17 ಜನ. ಹದಿನೇಳೂ ಜನರಿಗೆ ಕಾಯಿಲೆ ಬಂತು. 13 ಜನ ಬದುಕಲಿಲ್ಲ. ಫೆಬ್ರವರಿ 17 ಶನಿವಾರ, 20 ಮಂಗಳವಾರ. ಕೆಟ್ಟ ನಾಲ್ಕು ದಿನಗಳ ಎರಡು ತುದಿಯಲ್ಲೂ ಅವರ ಸರದಿ ಬಿದ್ದಿತ್ತು.

ಅಲ್ಲಿಂದಾಚೆಗೆ

ನೀಲಿ-ಹಸಿರು ಪಾಚಿಯ ವಿಷದಿಂದ ಮನುಷ್ಯರು ಸತ್ತದ್ದು ಪ್ರಯೋಗಾಲಯದ ಪುರಾವೆ ಸಮೇತ ಮೊದಲ ಸಲ ದಾಖಲಾದದ್ದು ಇಲ್ಲಿ. ದನಕರುಗಳು ಕೆರೆ ನೀರು ಕುಡಿದು ಸಾಯುವುದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್-ಎಲ್‌ಆರ್ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಎಂಬ ತಾತ್ಕಾಲಿಕ ಮಿತಿ ಕೊಟ್ಟಿತು. ಬ್ರೆಜಿಲ್ 1996ರಲ್ಲೇ ಡಯಾಲಿಸಿಸ್ ಕೇಂದ್ರಗಳಿಗೆ ಹೊಸ ನಿಯಮ ತಂದಿತು. 2000ದಲ್ಲಿ ಕುಡಿಯುವ ನೀರಿನ ಮೂಲಗಳಲ್ಲಿ ಸಯನೋಬ್ಯಾಕ್ಟೀರಿಯಾ ಎಣಿಸುವುದನ್ನೂ ವಿಷ ಅಳೆಯುವುದನ್ನೂ ಕಡ್ಡಾಯ ಮಾಡಿತು.

ಆ 1 ಮೈಕ್ರೋಗ್ರಾಂ ಎಲ್ಲಿಂದ ಬಂತು ನೋಡಿ. ಬಾಯಿಯ ಮೂಲಕ ವಿಷ ಕೊಟ್ಟ ಇಲಿಗಳಿಂದ. 60 ಕಿಲೋ ತೂಕದ ಮನುಷ್ಯ ದಿನಕ್ಕೆ ಎರಡು ಲೀಟರ್ ಕುಡಿಯುತ್ತಾನೆ ಎಂಬ ಲೆಕ್ಕದಿಂದ. ಡಯಾಲಿಸಿಸ್ ರೋಗಿಯ 120 ಲೀಟರ್ ಆ ಲೆಕ್ಕದಲ್ಲಿ ಇಲ್ಲ. ನಲ್ಲಿಯಲ್ಲಿ ಪಾಸಾದ ನೀರು ಮಷಿನ್‌ನಲ್ಲೂ ಪಾಸು ಅಂದುಕೊಂಡರೆ ತಪ್ಪು.

ಇದನ್ನು ಓದುವಾಗ 2024ರ ಬೇಸಿಗೆಯ ಬೆಂಗಳೂರು ನೆನಪಾಗದೆ ಇರುವುದಿಲ್ಲ. ಟ್ಯಾಂಕರ್‌ಗೆ ಕಾಯುವುದು ನಮಗೇನು ಹೊಸದಲ್ಲ. ಆದರೆ ಬೋರ್‌ವೆಲ್ ನೀರಿನ ಟ್ಯಾಂಕರ್‌ನಲ್ಲಿ ಈ ವಿಷದ ಭಯ ಕಡಿಮೆ, ಏಕೆಂದರೆ ಕತ್ತಲಲ್ಲಿ ಸಯನೋಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅಲ್ಲಿನ ತಲೆನೋವು ಗಡಸುತನ, ಫ್ಲೋರೈಡ್, ನೈಟ್ರೇಟ್. ಕೆರೆಯೋ ಜಲಾಶಯವೋ ಮೂಲವಾಗಿದ್ದು, ಬೇಸಿಗೆಯಲ್ಲಿ ನೀರು ತಗ್ಗಿ ಹಸಿರಾಗಿದ್ದರೆ ಮಾತು ಬೇರೆ. ಡಯಾಲಿಸಿಸ್‌ಗೆ ಹೋಗುವವರು ನೀರು ಎಲ್ಲಿಂದ ಬರುತ್ತದೆ, ಆರ್‌ಓ ಇದೆಯಾ, ಇಂಗಾಲ ಯಾವಾಗ ಬದಲಾಯಿಸಿದರು ಎಂದು ಕೇಳಿದರೆ ಅದು ಅಧಿಕಪ್ರಸಂಗ ಅಲ್ಲ.

ಇಂಗಾಲದ ಪ್ರಶ್ನೆಗೆ ಬ್ರೆಜಿಲ್‌ನಲ್ಲೇ ಐದು ವರ್ಷದ ಮೇಲೆ ಇನ್ನೊಂದು ಉತ್ತರ ಸಿಕ್ಕಿತು. 2001ರ ನವೆಂಬರ್‌ನಲ್ಲಿ ರಿಯೊ ಡಿ ಜನೈರೊಗೆ ನೀರು ಕೊಡುವ ಫುನಿಲ್ ಜಲಾಶಯ ಮತ್ತು ಗ್ವಾಂಡು ನದಿಯಲ್ಲಿ ಪಾಚಿ ಎದ್ದಿತು. ಈ ಸಲ ಅಳೆಯುವವರು ಇದ್ದರು. ಕುಡಿಯುವ ನೀರಿನಲ್ಲಿ ಲೀಟರಿಗೆ 0.4 ಮೈಕ್ರೋಗ್ರಾಂ, ಅಂದರೆ ಮಿತಿಯ ಅರ್ಧಕ್ಕಿಂತ ಕಡಿಮೆ. ಅಲ್ಲಿನ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಇಂಗಾಲದ ಕಂಬ ದಾಟಿ ಬಂದ ನೀರಿನಲ್ಲಿ 0.32. ಐದರಲ್ಲಿ ಒಂದು ಪಾಲು ಮಾತ್ರ ಇಂಗಾಲಕ್ಕೆ ಸಿಕ್ಕಿತ್ತು. ಆ ನೀರಿಗೆ ಒಡ್ಡಿಕೊಂಡಿರಬಹುದಾದ 44 ರೋಗಿಗಳಲ್ಲಿ 12 ಮಂದಿಯ ರಕ್ತವನ್ನು ಎರಡು ತಿಂಗಳು ಪರೀಕ್ಷಿಸುತ್ತಾ ಹೋದರು. ರಕ್ತದಲ್ಲಿ ಮೈಕ್ರೋಸಿಸ್ಟಿನ್ ಇತ್ತು.